ಸ್ವೀಟ್ ಅಂಗಡಿಗೆ ‘ಕಾರ್ನ್ ಸ್ಟಾರ್ಚ್ ಕವರ್’ ತರುವ ಮುನ್ನ: ಅಸಲಿ ಯಾವುದು, ನಕಲಿ ಯಾವುದು?

ಅರಸೀಕೆರೆ/ಬೇಲೂರು: ಅರ್ಧ ಕೆಜಿ ಮೈಸೂರು ಪಾಕ್ ಕಟ್ಟಿಸಿಕೊಂಡರೆ ಅದರ ಜತೆ ಮನೆಗೆ ಏನೇನು ಬರುತ್ತೆ? ಒಂದು ರಟ್ಟಿನ ಬಾಕ್ಸು, ಒಳಗೊಂದು ಬಟರ್ ಪೇಪರ್, ಬಾಕ್ಸಿನ ಮೇಲೆ ತೆಳು ಪ್ಲಾಸ್ಟಿಕ್ ಹೊದಿಕೆ, ಕೈಗೊಂದು ಕವರ್. ಸ್ವೀಟು ಸಂಜೆಯೊಳಗೆ ಖಾಲಿ. ಹೊದಿಕೆ, ಕವರ್ ಮಾತ್ರ ಚರಂಡಿಯಲ್ಲೋ ಕೆರೆ ಏರಿಯ ಮೇಲೋ ವರ್ಷಗಟ್ಟಲೆ ಬಿದ್ದಿರುತ್ತವೆ.

ಇವೆರಡಕ್ಕೂ ಬದಲಿ ಅಂತ ‘ಕಾರ್ನ್ ಸ್ಟಾರ್ಚ್ ಕವರ್’, ‘ಬಯೋ ಕವರ್’ ಹೆಸರಿನ ಸರಕು ಮಾರುಕಟ್ಟೆಗೆ ಬಂದಿದೆ. ಬೆಲೆ ಮಾಮೂಲಿ ಕವರ್‌ಗಿಂತ ಹೆಚ್ಚು. ಕೊಂಡ ಮೇಲೆ ಅದು ನಕಲಿ ಅಂತ ಗೊತ್ತಾದರೆ ದುಡ್ಡೂ ಹೋಯ್ತು, ದಂಡವೂ ಬಿತ್ತು. ಆದ್ದರಿಂದ ಅಂಗಡಿಯವರು, ಗಿರಾಕಿಗಳು ಇಬ್ಬರೂ ತಿಳಿದಿರಬೇಕಾದ ಕೆಲವು ಸಂಗತಿ ಇಲ್ಲಿವೆ.

ಕಾನೂನು ಏನು ಹೇಳುತ್ತೆ?

ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕ್ಯಾರಿ ಬ್ಯಾಗ್‌ಗೆ ನಿಷೇಧ ಬಂದದ್ದು 2016ರ ಮಾರ್ಚ್‌ನಲ್ಲಿ. ದಪ್ಪ ಎಷ್ಟೇ ಇರಲಿ, ನಿಷೇಧ ನಿಷೇಧವೇ. ಕೇಂದ್ರದ ನಿಯಮದಲ್ಲಿ 120 ಮೈಕ್ರಾನ್ ಲೆಕ್ಕ ಇದೆ ನಿಜ. ಆದರೆ ‘ಇದು 120 ಮೈಕ್ರಾನ್, ಏನೂ ಆಗಲ್ಲ’ ಅಂತ ಮಾರಾಟಗಾರ ಹೇಳಿದ ಮಾತನ್ನು ನಮ್ಮ ರಾಜ್ಯದಲ್ಲಿ ನಂಬಿ ಕೂರುವಂತಿಲ್ಲ.

2022ರ ಜುಲೈ 1ರಿಂದ ದೇಶದಾದ್ಯಂತ ಏಕಬಳಕೆ ಪ್ಲಾಸ್ಟಿಕ್‌ನ ಇನ್ನಷ್ಟು ವಸ್ತುಗಳಿಗೆ ನಿಷೇಧ ಬಂತು. ಸ್ವೀಟ್ ಬಾಕ್ಸಿನ ಮೇಲೆ ಸುತ್ತುವ ಪ್ಲಾಸ್ಟಿಕ್ ಹಾಳೆ, ಲಾಲಿಪಾಪ್‌ನ ಪ್ಲಾಸ್ಟಿಕ್ ಕಡ್ಡಿ, ಐಸ್‌ಕ್ರೀಂ ಕಡ್ಡಿ, ಪ್ಲಾಸ್ಟಿಕ್ ಚಮಚ, ತಟ್ಟೆ, ಲೋಟ, ಸ್ಟ್ರಾ ಎಲ್ಲವೂ ಆ ಪಟ್ಟಿಯಲ್ಲಿವೆ. ಮಿಶ್ರಗೊಬ್ಬರವಾಗಿ ಕೊಳೆಯುವ, ಅಂದರೆ ‘ಕಾಂಪೋಸ್ಟಬಲ್’ ಪ್ಲಾಸ್ಟಿಕ್‌ನಿಂದ ಮಾಡಿದ ವಸ್ತುಗಳಿಗೆ ಈ ಕೇಂದ್ರ ನಿಯಮದಲ್ಲಿ ವಿನಾಯಿತಿ ಇದೆ. ಈ ವಿನಾಯಿತಿಯ ಹೆಸರು ಹೇಳಿಕೊಂಡೇ ನಕಲಿ ಸರಕೂ ಒಳಗೆ ನುಸುಳುತ್ತೆ.

ತಯಾರಾಗೋದು ಹೇಗೆ?

ಮುಸುಕಿನ ಜೋಳದ ಪಿಷ್ಟ ಅಥವಾ ಕಬ್ಬಿನ ಸಕ್ಕರೆಯನ್ನು ಹುದುಗಿಸಿದರೆ ಲ್ಯಾಕ್ಟಿಕ್ ಆಮ್ಲ ಸಿಗುತ್ತೆ. ಹಾಲು ಮೊಸರಾದಾಗ ಹುಳಿ ಕೊಡುವುದೂ ಇದೇ ಆಮ್ಲ. ಅದರ ಅಣುಗಳನ್ನು ಸರಪಳಿಯಂತೆ ಜೋಡಿಸಿದರೆ ಪಿಎಲ್‌ಎ ಎಂಬ ಪ್ಲಾಸ್ಟಿಕ್ ಆಗುತ್ತೆ. ಗಾಜಿನಂತೆ ತಿಳಿಯಾದ ಮುಚ್ಚಳ, ಡಬ್ಬಿ ಇದರಿಂದ ಬರುತ್ತವೆ. ಪಿಎಲ್‌ಎ ಒಂದೇ ಆದರೆ ಬಿರುಸು. ಹಾಗಾಗಿ ಕವರ್ ಮಾಡುವಾಗ ಪಿಷ್ಟ ಮತ್ತು ಮೆತ್ತಗಿನ ಬೇರೆ ಪಾಲಿಮರ್ ಬೆರೆಸುತ್ತಾರೆ.

ಉತ್ತರ ಪ್ರದೇಶದಲ್ಲಿ ಕಬ್ಬಿನಿಂದ ಪಿಎಲ್‌ಎ ತಯಾರಿಸುವ ದೊಡ್ಡ ಕಾರ್ಖಾನೆ ಕಟ್ಟುವುದಾಗಿ ಬಲರಾಂಪುರ ಚೀನಿ ಮಿಲ್ಸ್ 2024ರಲ್ಲಿ ಘೋಷಿಸಿತು. ಅಲ್ಲಿಯವರೆಗೆ ದೇಶ ಹೆಚ್ಚಾಗಿ ಆಮದನ್ನೇ ನಂಬಿಕೊಂಡಿತ್ತು. ಬೆಲೆ ಏರಲು ಇದೂ ಒಂದು ಕಾರಣ.

ಗಿಡದ್ದು ಅಂದ ಮಾತ್ರಕ್ಕೆ ಕೊಳೆಯಲ್ಲ

ಬಹಳ ಜನ ಎಡವೋದು ಇಲ್ಲೇ. ಬ್ರೆಜಿಲ್‌ನ ಬ್ರಾಸ್ಕೆಮ್ ಕಂಪನಿ 2010ರಿಂದ ಕಬ್ಬಿನಿಂದಲೇ ಪಾಲಿಥೀನ್ ತಯಾರಿಸುತ್ತಿದೆ. ಮೂಲ ಗಿಡ, ನಿಜ. ಆದರೆ ಆದ ಮೇಲೆ ಅದು ಮಾಮೂಲಿ ಪಾಲಿಥೀನೇ, ಕೊಳೆಯಲ್ಲ. ಹಾಗೇ ಪೆಟ್ರೋಲಿಯಂ ಮೂಲದ ಕೆಲವು ಪ್ಲಾಸ್ಟಿಕ್‌ಗಳು ಕೊಳೆಯುತ್ತವೆ. ಇನ್ನು ‘ಆಕ್ಸೋ’ ಎಂದು ಬರುವುದು ರಾಸಾಯನಿಕ ಬೆರೆಸಿದ ಹಳೇ ಪ್ಲಾಸ್ಟಿಕ್. ಬಿಸಿಲಿಗೆ ಪುಡಿಯಾಗುತ್ತೆ, ಆ ಪುಡಿ ಮಣ್ಣಲ್ಲೇ ಉಳಿಯುತ್ತೆ. ಆದ್ದರಿಂದ ‘ಇದು ಗಿಡದಿಂದ ಮಾಡಿದ್ದಾ?’ ಅಂತ ಕೇಳಿದರೆ ಸಾಲದು. ‘ಕಾಂಪೋಸ್ಟಬಲ್ ಸರ್ಟಿಫಿಕೇಟ್ ಇದೆಯಾ?’ ಅಂತ ಕೇಳಬೇಕು.

ತಿರುಪತಿ ಲಡ್ಡು ಕವರ್

ಸಿಹಿತಿಂಡಿಗೆ ಇಂಥ ಕವರ್ ದೊಡ್ಡ ಮಟ್ಟದಲ್ಲಿ ಬಂದ ಉದಾಹರಣೆ ತಿರುಮಲದ್ದು. 2021ರ ಆಗಸ್ಟ್‌ನಲ್ಲಿ ಟಿಟಿಡಿ ತನ್ನ ಲಡ್ಡು ಕೌಂಟರ್ ಬಳಿ ಡಿಆರ್‌ಡಿಒ ಅಭಿವೃದ್ಧಿಪಡಿಸಿದ ಕಾರ್ನ್ ಸ್ಟಾರ್ಚ್ ಚೀಲಗಳ ಮಾರಾಟ ಶುರು ಮಾಡಿತು. ಇವು 90 ದಿನಗಳಲ್ಲಿ ಕೊಳೆಯುತ್ತವೆ ಎಂದು ಆಗ ತಿಳಿಸಲಾಗಿತ್ತು. ಲಡ್ಡು ಕೊಂಡು ಅವತ್ತೋ ಮರುದಿನವೋ ಮನೆ ಸೇರುವವರಿಗೆ ಚೀಲ ಅಷ್ಟು ಬಾಳಿದರೆ ಸಾಕು. ತಿಂಗಳುಗಟ್ಟಲೆ ಇಡುವ ತಿಂಡಿಯ ಲೆಕ್ಕವೇ ಬೇರೆ.

ಯಾವ ತಿಂಡಿಗೆ ಹೊಂದುತ್ತೆ?

ಪಿಎಲ್‌ಎ ಹಾಳೆ ತೇವವನ್ನು ಮಾಮೂಲಿ ಪ್ಲಾಸ್ಟಿಕ್‌ನಷ್ಟು ತಡೆಯಲ್ಲ. ಬೇಲೂರು ಕಡೆ ಮಳೆಗಾಲದಲ್ಲಿ ಬೆಂಡು ಬತ್ತಾಸು, ಖಾರ ಇದರಲ್ಲಿ ಕಟ್ಟಿಟ್ಟರೆ ಬೇಗ ಮೆತ್ತಗಾಗುತ್ತವೆ. ಅರಸೀಕೆರೆಯ ಕೊಬ್ಬರಿ ಮಿಠಾಯಿಯಲ್ಲಿ ಎಣ್ಣೆಯಂಶ ಹೆಚ್ಚು. ಗಾಳಿ ತಾಗಿದಷ್ಟೂ ಕಮಟು ವಾಸನೆ ಬೇಗ ಬರುತ್ತೆ. ಇಂಥವನ್ನು ಗಾಜಿನ ಜಾಡಿಯಲ್ಲೋ ಸ್ಟೀಲ್ ಡಬ್ಬದಲ್ಲೋ ಇಟ್ಟು, ಗಿರಾಕಿಗೆ ಕೊಡುವಾಗ ಮಾತ್ರ ಕಟ್ಟಿಕೊಡೋದು ವಾಸಿ.

ಬಿಸಿಯೂ ಆಗಿಬರಲ್ಲ. ಪಿಎಲ್‌ಎ ಸುಮಾರು 55ರಿಂದ 60 ಡಿಗ್ರಿಗೇ ಮೆತ್ತಗಾಗುತ್ತೆ. ಬಾಣಲೆಯಿಂದ ತೆಗೆದ ಜಿಲೇಬಿ ಹಾಕಿದರೆ ಡಬ್ಬಿ ಸೊಟ್ಟಗಾಗುತ್ತೆ. ಆರಿದ ಮೇಲೆ ತುಂಬಬೇಕು.

ಕೊಳ್ಳುವಾಗ ನೋಡಬೇಕಾದ್ದು

* ಕವರ್ ಮೇಲೆ ‘ಕಾಂಪೋಸ್ಟಬಲ್’ ಎಂಬ ಪದ, ತಯಾರಕರ ಹೆಸರು, ಸರ್ಟಿಫಿಕೇಟ್ ನಂಬರ್ ಇರಬೇಕು. ‘ಇಕೋ ಫ್ರೆಂಡ್ಲಿ’ ಅಂತ ಹಸಿರು ಎಲೆ ಚಿತ್ರ ಹಾಕಿದ್ದರೆ ಅದು ಪುರಾವೆಯಲ್ಲ.
* ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವೆಬ್‌ಸೈಟ್‌ನಲ್ಲಿ ಸರ್ಟಿಫಿಕೇಟ್ ಪಡೆದ ತಯಾರಕರ ಪಟ್ಟಿ ಇದೆ. ಮೊಬೈಲ್‌ನಲ್ಲೇ ತಾಳೆ ನೋಡಬಹುದು.
* ಬಿಲ್ ಕೇಳಿ ಪಡೆದು ಇಟ್ಟುಕೊಳ್ಳಿ. ಪುರಸಭೆ, ನಗರಸಭೆಯವರು ತಪಾಸಣೆಗೆ ಬಂದಾಗ ತೋರಿಸಲು ಬೇಕಾಗುತ್ತೆ.
* ತಿಂಡಿಗೆ ನೇರವಾಗಿ ತಾಗುವ ಹಾಳೆ ಫುಡ್ ಗ್ರೇಡ್ ಆಗಿರಬೇಕು. ಕೊಳೆಯುತ್ತೆ ಅಂದ ಮಾತ್ರಕ್ಕೆ ಫುಡ್ ಗ್ರೇಡ್ ಆಗಲ್ಲ. ಪೇಪರ್ ಒಳ್ಳೇದು ಅಂತ ನ್ಯೂಸ್ ಪೇಪರಿನಲ್ಲಿ ಕಟ್ಟುವುದೂ ತಪ್ಪು. ಶಾಯಿ ತಿಂಡಿಗೆ ಹತ್ತುತ್ತೆ.

ಬಿಸಾಡಿದ ಮೇಲೆ?

ಅಸಲಿ ಕವರ್ ಆದರೂ ಎಲ್ಲಿ ಬೇಕಾದರೂ ಕರಗಲ್ಲ. ‘180 ದಿನದಲ್ಲಿ ಕೊಳೆಯುತ್ತೆ’ ಎಂಬ ಪರೀಕ್ಷೆ ನಡೆಯೋದು ಸುಮಾರು 58 ಡಿಗ್ರಿ ಬಿಸಿ ಕಾಯ್ದುಕೊಂಡ ಗೊಬ್ಬರದ ರಾಶಿಯಲ್ಲಿ. ಹಳೇಬೀಡಿನ ದ್ವಾರಸಮುದ್ರ ಕೆರೆಗೋ ಬೇಲೂರಿನ ಯಗಚಿ ಹೊಳೆಗೋ ಬಿದ್ದರೆ ಆ ಬಿಸಿ ಎಲ್ಲಿಂದ ಬರಬೇಕು? ಅಲ್ಲಿ ಅದೂ ಬಹುಕಾಲ ಉಳಿಯುತ್ತೆ. ದನ ತಿಂದರೆ ಅದೂ ಹೊಟ್ಟೆಯಲ್ಲಿ ಸಿಕ್ಕಿಕೊಳ್ಳಬಹುದು. ಒಣ ಪ್ಲಾಸ್ಟಿಕ್ ಜತೆ ಸೇರಿಸಿದರೆ ಮರುಬಳಕೆಯ ಸರಕೂ ಕೆಡುತ್ತೆ. ಹಾಗಾಗಿ ಕಸದ ಗಾಡಿಯವರಿಗೆ ಕೊಡುವಾಗ ‘ಇದು ಕಾಂಪೋಸ್ಟ್ ಕವರ್’ ಅಂತ ಹೇಳಿ ಬೇರೆಯಾಗಿ ಕೊಡಬೇಕು.

ಬೇಲೂರು, ಹಳೇಬೀಡು ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿವೆ. ತೇರಿನ ದಿನ ಬೀದಿಗೆ ಬೀಳುವ ಕವರ್‌ಗಳನ್ನು ಹೊರಗಿನಿಂದ ಬಂದವರೂ ನೋಡುತ್ತಾರೆ. ಅಲ್ಲೇ ತಿಂದು ಮುಗಿಸುವ ತಿಂಡಿಗೆ ಮುತ್ತುಗದ ಎಲೆ, ಅಡಿಕೆ ಹಾಳೆಯ ದೊನ್ನೆ ಸಾಕು. ಮನೆಗೆ ಒಯ್ಯುವುದಕ್ಕೆ ಹೊದಿಕೆ ಇಲ್ಲದ ರಟ್ಟಿನ ಬಾಕ್ಸು ಮತ್ತು ದಾರ ಸಾಕು, ಕೈಗೆ ಬಟ್ಟೆ ಚೀಲ. ಇವು ಯಾವುದಕ್ಕೂ ಆಗದ ಕಡೆ ಮಾತ್ರ ಸರ್ಟಿಫಿಕೇಟ್ ಇರುವ ಕವರ್ ಬಳಸಿದರೆ ಅಂಗಡಿಯವರ ಖರ್ಚೂ ಉಳಿಯುತ್ತೆ. ಗಿರಾಕಿಗಳೇ ಮನೆಯಿಂದ ಡಬ್ಬ ತಂದರೆ ಕವರಿನ ಪ್ರಶ್ನೆಯೇ ಬರಲ್ಲ.