ಮಾರ್ಚ್ ಕೊನೆಯ ವಾರ, ಏಣಿಯ ಮೇಲಿನ ಮಕ್ಕಳು

2025ರ ಮಾರ್ಚ್ ಕೊನೆಯ ವಾರ, ಸೋಮವಾರ. ಹಾಲು ಕುಡಿದ ಮಕ್ಕಳು ಇನ್ನೂ ಬಾಯಿ ಒರೆಸಿಕೊಳ್ಳುತ್ತಿದ್ದರು. ಬಾಗಿಲಲ್ಲಿ ನಿಂತ ತಾಯಿಯೊಬ್ಬರು ಕೇಳಿದರು: "ಅಕ್ಕೋರ, ಪರೀಕ್ಷಿ ಹತ್ರ ಬಂತು. ಮನ್ಯಾಗ ಓದು ಅಂದ್ರ ನಮ್ಮಕಿ ಹಾಡಾ ಹೇಳ್ತಾಳ. ಸಾಲ್ಯಾಗ ಕಲಸೂದರ ಏನ್ರೀ?"

ಪ್ರಶ್ನೆ ತಪ್ಪಲ್ಲ. ಧಾರವಾಡದ ಸಪ್ತಾಪುರದಲ್ಲಿ ಓದು ಅಂದರೆ ಪರೀಕ್ಷೆ. ಓಣಿ ಓಣಿಗೆ ಕೋಚಿಂಗ್ ಫಲಕ, ಪಿಜಿ, ಖಾನಾವಳಿ. ಕೆಎಎಸ್, ಪಿಎಸ್‌ಐ ಅಂತ ಊರೂರಿಂದ ಬಂದ ಹುಡುಗರು ಇಲ್ಲಿ ವರ್ಷಗಟ್ಟಲೆ ಓದುತ್ತಾರೆ. ಆ ತಾಯಿಯೂ ಅಂಥದೇ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಾರೆ. ಕಣ್ಣೆದುರು ಕಾಣುವ ಓದು ಅದಾದರೆ, ನಮ್ಮ ನಲಿ-ಕಲಿ ಕೋಣೆ ಅವರಿಗೆ ಸಂತೆಯಂತೆ ಕಾಣುವುದು ಸಹಜ.

ಈ ಸಂತೆಗೊಂದು ಲೆಕ್ಕ ಇದೆ. ನಲಿ-ಕಲಿ ಶುರುವಾದದ್ದು 1995ರಲ್ಲಿ, ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ. ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಶಿಕ್ಷಕರು ಯುನಿಸೆಫ್ ನೆರವಿನಲ್ಲಿ ಇದನ್ನು ಕಟ್ಟಿದರು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಪಾಠದ ಬದಲು ಏಣಿ, ಏಣಿಯಲ್ಲಿ ಮೈಲಿಗಲ್ಲು, ಮೈಲಿಗಲ್ಲಿನಲ್ಲಿ ಕಾರ್ಡುಗಳು. ಐದು ತಟ್ಟೆಗಳ ಸುತ್ತ ಮಕ್ಕಳು. ಮೊದಲ ತಟ್ಟೆಗೆ ಶಿಕ್ಷಕಿ ಪೂರ್ತಿ ಜೊತೆಗಿರಬೇಕು, ಎರಡನೆಯದಕ್ಕೆ ಅರ್ಧ. ಮುಂದಿನ ಎರಡರಲ್ಲಿ ಗೆಳೆಯರ ಸಹಾಯ. ಐದನೆಯದರಲ್ಲಿ ಮಗು ತಾನೇ ಕಲಿಯಬೇಕು.

ಅಕ್ಷರದ ಕ್ರಮವೂ ಬೇರೆ. ಅ, ಆ, ಇ, ಈ ಅಲ್ಲ; ರ, ಗ, ಸ, ದ, ಅ. ಈ ಐದೇ ಅಕ್ಷರ ಬಂದರೆ ಸರ, ಅರಸ, ಅಗಸ, ಗರಗಸ ಓದಬಹುದು. ವರ್ಣಮಾಲೆ ಮುಗಿಯುವ ತನಕ ಪದಕ್ಕಾಗಿ ಕಾಯಬೇಕಿಲ್ಲ. ತಾಯಿಗೆ ಇದನ್ನೇ ತೋರಿಸಿದೆ. ಮಗಳು ಕಾರ್ಡು ಹಿಡಿದು ನಾಲ್ಕು ಪದ ಓದಿದಳು. ಅವರು ನಕ್ಕರು, ಪೂರ್ತಿ ನಂಬಲಿಲ್ಲ.

ಆ ವಾರ ನಮಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ಭಾನುವಾರ ಯುಗಾದಿ, ಮರುದಿನವೇ ರಂಜಾನ್. ಮಂಗಳವಾರ ಗಣಿತಕ್ಕೆ ಹಬ್ಬವೇ ಸಿಕ್ಕಿತು: ಇನ್ನೆಷ್ಟು ದಿನ, ಎರಡು ರಜೆ ಕಳೆದರೆ ಶಾಲೆ ಎಷ್ಟು ದಿನ? ಬುಧವಾರ ಬೇವಿನೆಲೆ, ಮಾವಿನೆಲೆ ತಂದು ಅಂಚು ಹೋಲಿಸಿದರು. ಒಬ್ಬಳು ಸುರಕುಂಬಾಕ್ಕೆ ಏನೇನು ಬೇಕು ಅಂತ ಪಟ್ಟಿ ಹೇಳಿದಳು, ದೊಡ್ಡವರು ಬರೆದುಕೊಂಡರು. ಹವಾಮಾನ ನಕ್ಷೆಯಲ್ಲಿ ವಾರವಿಡೀ ಸೂರ್ಯ.

ಇದರ ನಡುವೆಯೇ ವರ್ಷಾಂತ್ಯದ ಮೌಲ್ಯಮಾಪನ, ದಾಖಲೆ, ಆನ್‌ಲೈನ್ ನಮೂದು. ಎಲ್ಲ ಕಾಲಂ ತುಂಬಬೇಕು. ಕಾಲಂ ತುಂಬಲು ಕೂತರೆ ಮೊದಲ ತಟ್ಟೆ ಖಾಲಿ ಕೂರುತ್ತದೆ. ಕಷ್ಟ ಇರುವುದು ಇಲ್ಲೇ.

ಮೂರನೇ ತರಗತಿಯ ಒಬ್ಬ ಹುಡುಗನ ಮಾತು ಹೇಳುತ್ತೇನೆ. ಅಪ್ಪ-ಅವ್ವ ಕಟ್ಟಡ ಕೆಲಸದವರು. ಕೆಲಸ ಇದ್ದಲ್ಲಿಗೆ ಹೋಗುತ್ತಾರೆ, ಮಗನೂ ಹೋಗುತ್ತಾನೆ. ಎರಡು ತಿಂಗಳು ತಪ್ಪಿಸಿ ಬಂದವನು ಬಿಟ್ಟ ಕಾರ್ಡಿನಿಂದಲೇ ಮುಂದುವರಿದ. ಏಣಿಯ ದೊಡ್ಡ ಗುಣ ಇದೇ, ಬಿಟ್ಟು ಹೋದ ಮಗುವಿಗಾಗಿ ಅದು ಕಾಯುತ್ತದೆ. ಗುರುವಾರ ಅವನು 'ಬೆಲ್ಲ', 'ಅಕ್ಕ' ಸಲೀಸಾಗಿ ಓದಿದ. ಅದೇ ಅಕ್ಷರದ ಒತ್ತು ಬಂದಿದೆ, ಬೇರೆ ಅಕ್ಷರದ ಒತ್ತು ಬಂದಿಲ್ಲ. ಹಲಗೆ ಮೇಲೆ 'ಸಪ್ತಾಪುರ' ಬರೆದೆ. "ಸಪತಾಪುರ" ಅಂದ. ತಾನಿರುವ ಓಣಿಯ ಹೆಸರು!

ಜೂನ್‌ಗೆ ಅವನು ನಾಲ್ಕನೇ ತರಗತಿ. ಅಲ್ಲಿ ಏಣಿ ಇಲ್ಲ, ಪಠ್ಯಪುಸ್ತಕ. ಪುಸ್ತಕ ಯಾರಿಗೂ ಕಾಯುವುದಿಲ್ಲ. 2021ರ ಜುಲೈನಲ್ಲಿ ಶುರುವಾದ ಕೇಂದ್ರದ ನಿಪುಣ್ ಭಾರತ್ ಯೋಜನೆಯ ಗುರಿಯೂ ಇದೇ ಗಡಿ: 2026-27ರೊಳಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಅರ್ಥಮಾಡಿಕೊಂಡು ಓದಲು, ಬರೆಯಲು, ಲೆಕ್ಕ ಮಾಡಲು ಬರಬೇಕು. ಗುರಿ ಸರಿ. ಆದರೆ ಗುರಿ ಮುಟ್ಟಿಸುವ ಗಂಟೆಗಳು ಯಾವುದರಲ್ಲಿ ಖರ್ಚಾಗುತ್ತಿವೆ? ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ, 800 ಬೋಧನಾ ಗಂಟೆ ಕೇಳುತ್ತದೆ. ಕಾಗದ ತುಂಬಿದ ಗಂಟೆ ಬೋಧನೆಯ ಗಂಟೆ ಅಲ್ಲ.

ನನ್ನ ಮಾತು ಇಷ್ಟೇ. ಮಾರ್ಚ್‌ನಲ್ಲಿ ದಾಖಲೆ ಕೆಲಸಕ್ಕೆ ಬೇರೆ ಕೈ ಕೊಡಿ. ಮೂರನೇ ತರಗತಿ ದಾಟುವ ಮಗುವಿನ ಜೊತೆ ಶ್ರೇಣಿ ಅಲ್ಲ, ಅದು ನಿಂತ ಕಾರ್ಡಿನ ವಿವರ ಮುಂದಿನ ಶಿಕ್ಷಕರಿಗೆ ಹೋಗಲಿ. ತಂದೆ-ತಾಯಿ "ಎಷ್ಟು ಮಾರ್ಕ್ಸ್" ಅನ್ನುವ ಬದಲು "ಯಾವ ಮೆಟ್ಟಲದಾಗ ಅದಾನ್ರೀ" ಅಂತ ಕೇಳಲಿ.

ಶನಿವಾರ ಮಧ್ಯಾಹ್ನ, ಕೋಣೆ ಗುಡಿಸಿದ ಮೇಲೆ, ನಾಲ್ಕನೇ ತರಗತಿಯ ಶಿಕ್ಷಕರಿಗೆ ಒಂದು ಚೀಟಿ ಬರೆದೆ: 'ಬೆಲ್ಲ ಓದುತ್ತಾನೆ. ಸಪ್ತಾಪುರ ಇನ್ನೂ ಬಂದಿಲ್ಲ. ಅಲ್ಲಿಂದ ಶುರುಮಾಡಿ.'