ಗೆರೆಯ ಮುಂದೆ ನಿಂತ ಓಟಗಾರ

ಓಟದ ಪಂದ್ಯದಲ್ಲಿ ಗೆದ್ದವರ ಕಥೆಗಳು ಎಲ್ಲ ಭಾಷೆಗಳಲ್ಲಿಯೂ ಉಂಟು. ಸೋತರೂ ಎದೆಗುಂದದವರ ಕಥೆಗಳೂ ಕಡಮೆಯೇನಲ್ಲ. ಆದರೆ ಗೆಲುವು ಕೆಲವೇ ಹೆಜ್ಜೆಗಳ ಅಂತರದಲ್ಲಿರುವಾಗ ಬೇಕೆಂದೇ ನಿಂತು, ಹಿಂದಿದ್ದವನಿಗೆ ದಾರಿ ಬಿಟ್ಟ ತರುಣನ ಕಥೆ ಅಪರೂಪವಾದುದು. 1962ರಲ್ಲಿ ಇಂಗ್ಲೆಂಡಿನಲ್ಲಿ ತೆರೆಕಂಡ ‘ದಿ ಲೋನ್ಲಿನೆಸ್ ಆಫ್ ದಿ ಲಾಂಗ್ ಡಿಸ್ಟೆನ್ಸ್ ರನ್ನರ್’ ಎಂಬ ಕಪ್ಪು-ಬಿಳುಪಿನ ಚಲಚ್ಚಿತ್ರ ಅಂತಹ ಕಥೆಯನ್ನು ಹೇಳುತ್ತದೆ. ‘ದೂರದೋಟಗಾರನ ಒಂಟಿತನ’ ಎಂಬುದು ಆ ಹೆಸರಿನ ಅರ್ಥ. ಮಕ್ಕಳನ್ನು ತಿದ್ದುವ ಹೊಣೆ ಹೊತ್ತವರು ಈ ಚಿತ್ರವನ್ನು ಅವಶ್ಯವಾಗಿ ನೋಡಬೇಕು.

ಚಿತ್ರದ ಮೂಲ ಅಲನ್ ಸಿಲಿಟೋ ಅವರು 1959ರಲ್ಲಿ ಪ್ರಕಟಿಸಿದ ನೀಳ್ಗತೆ. ನಾಟಿಂಗ್‌ಹ್ಯಾಮ್ ನಗರದ ಬಡ ಕುಟುಂಬದಲ್ಲಿ ಹುಟ್ಟಿದ ಸಿಲಿಟೋ, ಹದಿನಾಲ್ಕನೆಯ ವಯಸ್ಸಿಗೇ ಶಾಲೆ ಬಿಟ್ಟು ಸೈಕಲ್ ಕಾರ್ಖಾನೆಯಲ್ಲಿ ದುಡಿದವರು. ಚಿತ್ರಕಥೆಯನ್ನೂ ಅವರೇ ಬರೆದರು. ನಿರ್ದೇಶಕರು ಟೋನಿ ರಿಚರ್ಡ್‌ಸನ್. ಅರಮನೆ ಮಹಲುಗಳ ಕಥೆಗಳಿಗೆ ಒಗ್ಗಿದ್ದ ಆಂಗ್ಲ ಚಿತ್ರರಂಗಕ್ಕೆ ದುಡಿಯುವವರ ಬೀದಿಗಳನ್ನೂ ಅಡುಗೆಮನೆಗಳನ್ನೂ ಅವರ ಆಡುಮಾತನ್ನೂ ತಂದ ತಂಡದಲ್ಲಿ ಅವರು ಪ್ರಮುಖರು. ನಾಯಕ ಕಾಲಿನ್ ಸ್ಮಿತ್‌ನ ಪಾತ್ರ ವಹಿಸಿದ ಟಾಮ್ ಕೋರ್ಟ್ನಿ, ಹಲ್ ಬಂದರಿನಲ್ಲಿ ದೋಣಿಗಳಿಗೆ ಬಣ್ಣ ಬಳಿಯುತ್ತಿದ್ದವರೊಬ್ಬರ ಮಗ. ಆ ಬಾಳಿನ ಒಳಗಿನಿಂದಲೇ ಬಂದವರು ಅದನ್ನು ಚಿತ್ರಿಸಿದ್ದರಿಂದ ಇಲ್ಲಿ ಹುಸಿಯಾದ ಅನುಕಂಪಕ್ಕೆ ಎಡೆಯಿಲ್ಲ.

ಕಥೆ ನಡೆಯುವುದು ಒಂದು ಬೋರ್ಸ್ಟಲ್ ಶಾಲೆಯಲ್ಲಿ. ಕೆಂಟ್ ಪ್ರಾಂತದ ಬೋರ್ಸ್ಟಲ್ ಎಂಬ ಹಳ್ಳಿಯಲ್ಲಿ 1902ರಲ್ಲಿ ಆರಂಭವಾದ ಪ್ರಯೋಗವೇ ಈ ಹೆಸರಿಗೆ ಕಾರಣ. ಅಪರಾಧವೆಸಗಿದ ತರುಣರನ್ನು ವಯಸ್ಕ ಕೈದಿಗಳಿಂದ ಬೇರ್ಪಡಿಸಿ, ಶಿಸ್ತು, ದುಡಿಮೆ, ವಿದ್ಯೆಗಳಿಂದ ತಿದ್ದಬೇಕೆಂಬುದು ಅದರ ಉದ್ದೇಶ. 1908ರ ಕಾಯಿದೆಯಿಂದ ಅದು ಇಂಗ್ಲೆಂಡಿನಲ್ಲಿ ಸ್ಥಿರಗೊಂಡಿತು. ಧಾರವಾಡದಲ್ಲಿಯೂ ಬೋರ್ಸ್ಟಲ್ ಶಾಲೆಯಿದ್ದುದರಿಂದ ಈ ಹೆಸರು ಕನ್ನಡ ನಾಡಿಗೆ ತೀರ ಅಪರಿಚಿತವೇನಲ್ಲ.

ಕಾಲಿನ್ ಅಲ್ಲಿಗೆ ಬಂದುದು ಬೇಕರಿಯೊಂದರಲ್ಲಿ ಹಣ ಕದ್ದ ತಪ್ಪಿಗಾಗಿ. ಅವನು ಓಡುತ್ತಿರುವಾಗ ಹಿಂದಿನ ಬದುಕು ತುಣುಕು ತುಣುಕಾಗಿ ನೆನಪಿಗೆ ಬರುತ್ತದೆ. ಕಾರ್ಖಾನೆಯಲ್ಲಿ ಜೀವ ತೇದ ತಂದೆ ರೋಗದಿಂದ ಸಾಯುತ್ತಾನೆ. ಪರಿಹಾರವಾಗಿ ಬಂದ 500 ಪೌಂಡು ಹಣ ತಾಯಿಯ ಕೈಯಲ್ಲಿ ಉಡುಪು, ಟೆಲಿವಿಷನ್ನುಗಳಾಗಿ ಕರಗಿಹೋಗುತ್ತದೆ. ತಂದೆಯ ಜಾಗಕ್ಕೆ ಮತ್ತೊಬ್ಬ ಬರುತ್ತಾನೆ. ತನ್ನ ಪಾಲಿಗೆ ಬಂದ ನೋಟೊಂದನ್ನು ಹುಡುಗ ಸುಟ್ಟುಹಾಕುತ್ತಾನೆ. ತಂದೆಯ ಜೀವಕ್ಕೆ ಕಟ್ಟಿದ ಬೆಲೆಯನ್ನು ಅವನು ಒಪ್ಪಿಕೊಳ್ಳಲಾರ. ಮುಂದೆ ನಡೆಯುವುದನ್ನೆಲ್ಲ ಅರಿಯಲು ಈ ಒಂದು ದೃಶ್ಯವೇ ಸಾಕು. ಹಾಗೆಂದು ಚಿತ್ರ ಕಳ್ಳತನವನ್ನು ಸಮರ್ಥಿಸುವುದಿಲ್ಲ. ನೀರಿನ ಕೊಳವೆಯಲ್ಲಿ ಅಡಗಿಸಿದ್ದ ಕದ್ದ ನೋಟುಗಳು, ಪೊಲೀಸ್ ಅಧಿಕಾರಿ ಬಾಗಿಲಲ್ಲಿ ನಿಂತಿರುವಾಗಲೇ ಮಳೆನೀರಿನೊಡನೆ ಹೊರಬಂದು ಬೀಳುತ್ತವೆ.

ಮೈಕೇಲ್ ರೆಡ್‌ಗ್ರೇವ್ ಅಭಿನಯಿಸಿದ ಗವರ್ನರ್ ಪಾತ್ರವು ಚಿತ್ರದ ಎರಡನೆಯ ಕೇಂದ್ರ. ಆತ ಕ್ರೂರಿಯಲ್ಲ. ಕ್ರೀಡೆಯಿಂದ ಹುಡುಗರು ಸುಧಾರಿಸುತ್ತಾರೆಂಬುದು ಆತನ ನಿಜವಾದ ನಂಬುಗೆ. ಕಾಲಿನ್‌ನ ಓಟದ ಶಕ್ತಿಯನ್ನು ಕಂಡು, ಕಾವಲಿಲ್ಲದೆ ಹೊರಗೆ ಓಡುವ ಸ್ವಾತಂತ್ರ್ಯವನ್ನು ಆತ ಕೊಡುತ್ತಾನೆ. ಬೆಳಗಿನ ಮಂಜಿನಲ್ಲಿ, ಬೋಳುಮರಗಳ ನಡುವೆ ಒಬ್ಬನೇ ಓಡುವ ಆ ದೃಶ್ಯಗಳಲ್ಲಿ ಹುಡುಗನ ಮುಖ ಮೊದಲ ಬಾರಿಗೆ ಅರಳುತ್ತದೆ. ಛಾಯಾಗ್ರಾಹಕ ವಾಲ್ಟರ್ ಲಸ್ಸಲಿ ಅವರ ಕೈಚಳಕ ಇಲ್ಲಿ ಮೆಚ್ಚತಕ್ಕದ್ದು.

ಆದರೆ ಆ ಕೃಪೆಗೆ ಒಂದು ಬೆಲೆಯಿದೆ. ಸಿರಿವಂತರ ಮಕ್ಕಳು ಓದುವ ರಾನ್ಲಿ ಎಂಬ ಶಾಲೆಯ ಎದುರು ಬೋರ್ಸ್ಟಲ್ ಗೆಲ್ಲಬೇಕು, ಬಟ್ಟಲು ತನ್ನ ಕೈಸೇರಬೇಕು ಎಂಬುದೇ ಗವರ್ನರನ ಹಂಬಲ. ಕಾಲಿನ್‌ಗಿಂತ ಮೊದಲು ಸ್ಟೇಸಿ ಎಂಬ ಹುಡುಗ ಆತನ ಮೆಚ್ಚಿನ ಓಟಗಾರನಾಗಿದ್ದ. ಹೊಸಬನು ಮುಂದಾದೊಡನೆ ಸ್ಟೇಸಿಯನ್ನು ಕೇಳುವವರಿಲ್ಲದಾಗುತ್ತದೆ. ಅವನು ಓಡಿಹೋಗುತ್ತಾನೆ, ಸಿಕ್ಕಿಬೀಳುತ್ತಾನೆ. ಸಭಾಂಗಣದಲ್ಲಿ ಹುಡುಗರು ‘ಜೆರುಸಲೆಮ್’ ಎಂಬ ಪ್ರಸಿದ್ಧ ಗೀತೆಯನ್ನು ಹಾಡುತ್ತಿರುವಾಗ ಅವನಿಗೆ ಬೀಳುವ ಏಟುಗಳನ್ನು ರಿಚರ್ಡ್‌ಸನ್ ನಡುನಡುವೆ ತೋರಿಸುತ್ತಾರೆ. ಆದರ್ಶದ ಹಾಡಿಗೂ ಸಂಸ್ಥೆಯ ನಡತೆಗೂ ಇರುವ ಅಂತರವನ್ನು ಹೇಳಲು ಬೇರೆ ಮಾತು ಬೇಕಾಗಿಲ್ಲ. ಪ್ರೀತಿ ಗೆಲ್ಲುವ ಕಾಲಿಗೇ ಹೊರತು ಓಡುವ ಹುಡುಗನಿಗಲ್ಲ ಎಂಬುದು ಕಾಲಿನ್‌ಗೆ ತಿಳಿದುಹೋಗುತ್ತದೆ.

ಪಂದ್ಯದ ದಿನ ಅವನು ಎಲ್ಲರನ್ನೂ ಹಿಂದೆ ಹಾಕುತ್ತಾನೆ. ಓಡುತ್ತಿದ್ದಂತೆ ತಂದೆಯ ಶವ, ತಾಯಿಯ ಮಾತು, ಗವರ್ನರನ ಉಪದೇಶಗಳು ಮನಸ್ಸಿನಲ್ಲಿ ನುಗ್ಗುತ್ತವೆ. ಕೊನೆಯ ಗೆರೆ ಎದುರಿಗಿದೆ. ಜನರ ಕೂಗು ಮುಗಿಲು ಮುಟ್ಟಿದೆ. ಕಾಲಿನ್ ನಿಲ್ಲುತ್ತಾನೆ. ಗವರ್ನರನ ಕಡೆ ನೋಡಿ ನಗುತ್ತಾನೆ. ರಾನ್ಲಿಯ ಓಟಗಾರ ಅವನನ್ನು ದಾಟಿ ಹೋಗಿ ಬಟ್ಟಲನ್ನು ಗೆಲ್ಲುತ್ತಾನೆ. ಕಡೆಯ ದೃಶ್ಯದಲ್ಲಿ ಕಾಲಿನ್ ಮತ್ತೆ ಕಾರ್ಯಾಗಾರದಲ್ಲಿ ಕುಳಿತು, ಹಳೆಯ ಗ್ಯಾಸ್ ಮಾಸ್ಕುಗಳನ್ನು ಬಿಚ್ಚುವ ಬೇಸರದ ಕೆಲಸದಲ್ಲಿ ತೊಡಗಿದ್ದಾನೆ. ಗವರ್ನರನಿಗೆ ಈಗ ಅವನು ಬೇಕಾಗಿಲ್ಲ.

ಈ ಪ್ರತಿಭಟನೆಯಿಂದ ಅವನಿಗೆ ದೊರೆತುದಾದರೂ ಏನು ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ. ಅವನು ಸ್ವಾತಂತ್ರ್ಯ ಕಳೆದುಕೊಂಡ, ಒಡನಾಡಿಗಳ ಆಸೆಯನ್ನೂ ಮುರಿದ. ಆದರೆ ಏನೂ ಇಲ್ಲದವನಿಗೆ ತನ್ನದೆಂದು ಉಳಿದಿದ್ದುದು ತನ್ನ ಓಟವೊಂದೇ. ಅದನ್ನೂ ಇನ್ನೊಬ್ಬರ ಕೀರ್ತಿಗೆ ಒಪ್ಪಿಸಿದ್ದರೆ ತಂದೆಯ ಸಾವಿನ ಹಣವನ್ನು ಸ್ವೀಕರಿಸಿದಂತೆಯೇ ಆಗುತ್ತಿತ್ತು. ಆ ನಿಲುಗಡೆಯಲ್ಲಿ ಹಟವೂ ಇದೆ, ಆತ್ಮಗೌರವವೂ ಇದೆ. ಎರಡನ್ನೂ ಬೇರ್ಪಡಿಸದೆ ತೋರಿಸಿರುವುದೇ ಈ ಕೃತಿಯ ಪ್ರಾಮಾಣಿಕತೆ.

1982ರ ಕಾಯಿದೆಯಿಂದ ಇಂಗ್ಲೆಂಡಿನಲ್ಲಿ ಬೋರ್ಸ್ಟಲ್ ಪದ್ಧತಿ ಕೊನೆಗೊಂಡಿತು. ಚಿತ್ರ ಎತ್ತಿದ ಪ್ರಶ್ನೆ ಮಾತ್ರ ಕೊನೆಗೊಂಡಿಲ್ಲ. ಬಹುಮಾನದ ಬಟ್ಟಲುಗಳು ಎಲ್ಲ ಶಾಲೆಗಳ ಕಪಾಟುಗಳಲ್ಲಿಯೂ ಇರುತ್ತವೆ, ಇರಬೇಕಾದುದೂ ಸಹಜವೇ. ಅವನ್ನು ತಂದ ಹುಡುಗ ನಾಳೆ ಸೋತು ಬಂದರೆ ಅವನನ್ನು ಹೆಸರು ಹಿಡಿದು ಕರೆದು ಹತ್ತಿರ ಕೂರಿಸಿಕೊಳ್ಳುವವರು ಇದ್ದಾರೆಯೆ ಎಂಬುದರ ಮೇಲೆಯೇ ಒಂದು ವಿದ್ಯಾಸಂಸ್ಥೆಯ ಯೋಗ್ಯತೆ ನಿಂತಿದೆ. ಕಾಲಿನ್ ಸ್ಮಿತ್‌ಗೆ ಅಂಥವರೊಬ್ಬರು ದೊರೆತಿದ್ದರೆ ಅವನು ಆ ಗೆರೆಯನ್ನು ದಾಟುತ್ತಿದ್ದನೇನೋ.