ಹುಟ್ಟು ಮೇಷ್ಟ್ರು ಎಂಬ ಮಾತು

ಬಸವನಗುಡಿಯಲ್ಲಿ ಮೇಷ್ಟ್ರುಗಳ ಮಾತೆದ್ದರೆ ಎಚ್. ನರಸಿಂಹಯ್ಯನವರ ಹೆಸರು ಬಾರದೆ ಆ ಮಾತು ಮುಗಿಯದು. ಗೌರಿಬಿದನೂರಿನ ಸಮೀಪದ ಹೊಸೂರಿನ ಬಡಕುಟುಂಬದಲ್ಲಿ ಜನಿಸಿ, ನ್ಯಾಷನಲ್ ಹೈಸ್ಕೂಲಿನಲ್ಲಿ ಓದಿ, ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸಿ, ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳ ಪದವಿಗೇರಿಯೂ, ಬಾಳಿನ ಬಹುಭಾಗವನ್ನು ವಿದ್ಯಾರ್ಥಿನಿಲಯದ ಕೋಣೆಯೊಂದರಲ್ಲಿಯೇ ಕಳೆದ ಅಂಥವರನ್ನು ನೆನೆದಾಗ, ‘ಅವರು ಹುಟ್ಟು ಮೇಷ್ಟ್ರು’ ಎಂದುಬಿಡುವುದು ನಮಗೆ ಸುಲಭ. ಆದರೆ 1976ರಲ್ಲಿ ಪವಾಡಗಳ ಪರೀಕ್ಷೆಗೆಂದು ಸಮಿತಿಯನ್ನೇ ರಚಿಸಿದ ಆ ಮಹನೀಯರು ಈ ಮಾತಿಗೂ ಪ್ರಮಾಣವನ್ನು ಕೇಳದೆ ಬಿಡುತ್ತಿದ್ದರೇ?

ಬಹಿರ್ಮುಖತೆ, ಕರ್ತವ್ಯನಿಷ್ಠೆ, ಸೌಜನ್ಯ, ಹೊಸತಿಗೆ ತೆರೆದ ಮನಸ್ಸು, ಭಾವಗಳ ಅಸ್ಥಿರತೆ ಎಂಬ ಐದು ಗುಣಗಳಿಂದ ವ್ಯಕ್ತಿತ್ವವನ್ನು ಅಳೆಯುವುದು ಮನಶ್ಶಾಸ್ತ್ರಜ್ಞರ ಈಗಿನ ರೂಢಿ. ಕಡೆಯ ಗುಣವು ಪ್ರಬಲವಾಗಿರುವ ಉಪಾಧ್ಯಾಯರು ವೃತ್ತಿಯಲ್ಲಿ ಬೇಗ ಬಳಲುವ ಸಂಭವ ಹೆಚ್ಚೆಂಬುದು ನಿಜ. ಆದರೂ ಸ್ವಭಾವಕ್ಕೂ ಬೋಧನೆಯ ಸಫಲತೆಗೂ ಕಂಡುಬಂದಿರುವ ಸಂಬಂಧ ಅಲ್ಪವೇ ಸರಿ.

ಆತ್ಮವಿಶ್ವಾಸದ ವಿಚಾರ ಬೇರೆ. ಅದು ಮನುಷ್ಯನನ್ನು ಆದ್ಯಂತ ವ್ಯಾಪಿಸಿದ ಗುಣವಲ್ಲ, ‘ಈ ಕೆಲಸ ನನ್ನಿಂದಾದೀತು’ ಎಂಬ, ಆಯಾ ಕಾರ್ಯಕ್ಕೆ ಸೀಮಿತವಾದ ನಂಬಿಕೆಯೆಂದು 1977ರಲ್ಲಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಪ್ರತಿಪಾದಿಸಿದರು. ಬೀಜಗಣಿತವನ್ನು ನಿರರ್ಗಳವಾಗಿ ಬೋಧಿಸುವವರೇ ಗದ್ದಲದ ತರಗತಿಯನ್ನು ಅಂಕೆಯಲ್ಲಿಡಲಾರದೆ ಬೆವರುವುದುಂಟು. ಈ ನಂಬಿಕೆ ಬಲಿಯುವುದು ಮುಖ್ಯವಾಗಿ ತಾನೇ ಸಾಧಿಸಿದ ಸಣ್ಣಪುಟ್ಟ ಯಶಸ್ಸುಗಳಿಂದ. ಬಳಿಕ ಪರರ ಯಶಸ್ಸನ್ನು ಕಾಣುವುದರಿಂದ, ನೆಚ್ಚಿನವರ ಉತ್ತೇಜನದಿಂದ, ಮತ್ತು ಡವಗುಟ್ಟುವ ಎದೆಯನ್ನು ಭಯವೆಂದು ಎಣಿಸುವೆವೋ ಉತ್ಸಾಹವೆಂದು ಎಣಿಸುವೆವೋ ಎಂಬುದರಿಂದ. ನಂಬಿಕೆ ಕುಗ್ಗಿದಲ್ಲಿ ಬಳಲಿಕೆಗೆ ದಾರಿ ತೆರೆಯುತ್ತದೆ. ಬಳಲಿದ ಮೇಷ್ಟ್ರಿಗೆ ಮಕ್ಕಳು ಬೇಸರದ ವಸ್ತುಗಳಾಗಿ, ಪಾಠ ಕೆಟ್ಟು, ನಂಬಿಕೆ ಮತ್ತೂ ಕುಗ್ಗುತ್ತದೆ.

ಇಲ್ಲಿ ಬಂಡೂರರ ಒಂದು ಸೂಕ್ಷ್ಮವನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಪರರ ಯಶಸ್ಸು ನಮಗೆ ಧೈರ್ಯ ತರುವುದು, ಆ ಪರರು ನಮ್ಮಂಥವರೇ ಎಂದು ತೋರಿದಾಗ. ಆದುದರಿಂದ, ಹೇಳುವುದು ತುಸು ಅವಿನಯವೆನಿಸಿದರೂ, ಹೊಸದಾಗಿ ಸೇರಿದ ಅಧೀರ ಉಪಾಧ್ಯಾಯಿನಿಗೆ ಶಿಕ್ಷಕರ ದಿನಾಚರಣೆಯಂದು ನರಸಿಂಹಯ್ಯನವರ ಚರಿತ್ರೆಯನ್ನು ಕೇಳಿಸುವುದಕ್ಕಿಂತ, ಎರಡು ವರ್ಷ ಮೊದಲು ಸೇರಿ, ಅಂಥದೇ ಭಯವನ್ನು ದಾಟಿದ ಪಕ್ಕದ ತರಗತಿಯವರ ಪಾಠವನ್ನು ಹಿಂದಿನ ಬೆಂಚಿನಲ್ಲಿ ಕುಳಿತು ನೋಡುವ ಅವಕಾಶವನ್ನು ಕೊಡುವುದು ಹೆಚ್ಚು ಫಲಕಾರಿ. ಮಲ್ಲೇಶ್ವರವಾಗಲಿ ಚಾಮರಾಜಪೇಟೆಯಾಗಲಿ, ಶಾಲೆಗಳ ಮುಖ್ಯೋಪಾಧ್ಯಾಯರು ವೇಳಾಪಟ್ಟಿಯನ್ನು ಬರೆಯುವಾಗ, ಅತಿ ಗದ್ದಲದ ಸೆಕ್ಷನ್ನನ್ನು ಹೊಸಬರ ತಲೆಗೆ ಕಟ್ಟದೆ, ಹಾಗೆ ಪಾಠ ನೋಡಲೆಂದು ವಾರಕ್ಕೆ ಒಂದು ಪೀರಿಯಡ್ಡನ್ನು ಅವರಿಗೆ ಬಿಡುವು ಮಾಡಿಕೊಡಬಹುದು.